ಕುನ್ನಿಗೆ ಪಾರ್ವೋ (ವಾಂತಿ-ಭೇದಿಯ ವೈರಸ್ ರೋಗ) ಆಗಿದೆ. ಬೆಳಗಾವಿಗೆ ಒಯ್ಯಲೋ, ಇಲ್ಲೇ ಸಲಾಯಿನ್ ಹಾಕಿಸಲೋ?

ಬನಹಟ್ಟಿ ಮಗ್ಗ
ಸೋಮವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ. ಬೆಳಗಾಗುವುದರೊಳಗೆ ಒಂದು ತೀರ್ಮಾನ ಮಾಡಬೇಕಿದೆ.

ನಮ್ಮದು ಬನಹಟ್ಟಿ. ಮನೆ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಇವೆ. ಮೂರು ವಾರದ ಹಿಂದೆ ಮಗಳು ಶಾಲೆಯಿಂದ ಬರುವಾಗ ಒಂದು ಕುನ್ನಿ ಎತ್ತಿಕೊಂಡು ಬಂದಳು. ಜಾತಿ ನಾಯಿ ಏನಲ್ಲ, ಓಣಿಯದು. ಕಂದು ಮೈ, ಎದೆ ಮೇಲೆ ಬಿಳಿ ಮಚ್ಚೆ, ಹೆಣ್ಣು. ಎರಡು ಮಗ್ಗದ ನಡುವೆ ದಿನವಿಡೀ ಅತ್ತಿಂದಿತ್ತ ಓಡುತ್ತಿತ್ತು, ಅದಕ್ಕೆ ಲಾಳಿ ಅಂತ ಹೆಸರಿಟ್ಟಳು. ಎರಡೂವರೆ ತಿಂಗಳಿರಬಹುದು ಅಂತ ಡಾಕ್ಟರು ಹಲ್ಲು ನೋಡಿ ಹೇಳಿದರು. ತೂಕ 2 ಕೆಜಿ 100 ಗ್ರಾಂ.

ಲಸಿಕೆ ಹಾಕಿಸಿಲ್ಲ. ಹೋದ ಸೋಮವಾರವೇ ಹೋಗಬೇಕಿತ್ತು. ಅವತ್ತೇ ಹೊಸ ಬೀಮ್, ಅಂದರೆ ಹಾಸಿನ ನೂಲು ಸುತ್ತಿದ ಉರುಳೆ, ಬಂತು. ಎಳೆ ಕೆಚ್ಚುವವರು ಒಂದು ಸಲ ಬಂದರೆ ಬಿಟ್ಟು ಹೋಗುವಂತಿಲ್ಲ. ಮುಂದಿನ ವಾರ ನೋಡೋಣ ಅಂದೆ. ಈಗ ಬೈಯಬೇಡಿ, ನಾನೇ ಸಾಕಷ್ಟು ಬೈದುಕೊಂಡಿದ್ದೇನೆ.

ಶನಿವಾರ ಸಂಜೆ ಹಾಲು-ರೊಟ್ಟಿ ಮುಟ್ಟಲಿಲ್ಲ. ಭಾನುವಾರ ನಸುಕಿನಲ್ಲಿ ಹಳದಿ ನೊರೆ ವಾಂತಿ, ನಾಲ್ಕೈದು ಸಲ. ಮೊದಲು ತೋರಿಸಿದ ಕಡೆ ಜಂತು ಅಂದರು, ಒಂದು ಔಷಧಿ ಕುಡಿಸಿ ಕಳಿಸಿದರು. ಅದೂ ವಾಂತಿಯಾಯಿತು. ರಾತ್ರಿ ಭೇದಿ ಶುರು, ಆಮೇಲೆ ಅದರಲ್ಲಿ ರಕ್ತ. ಆ ವಾಸನೆ ಹೇಗೆ ಹೇಳಲಿ? ಶೆಡ್ಡಿನ ಎಣ್ಣೆ ವಾಸನೆಯನ್ನೂ ಮೀರಿಸಿ ಮೂಗಿಗೆ ಹೊಡೆಯುತ್ತಿತ್ತು.

ಇವತ್ತು ಮಧ್ಯಾಹ್ನ ಬೈಕ್ ಮೇಲೆ ಜಮಖಂಡಿಗೆ ಒಯ್ದೆ. ಅಲ್ಲಿನ ಡಾಕ್ಟರು ಹತ್ತಿ ಕಡ್ಡಿಯಿಂದ ಸ್ಯಾಂಪಲ್ ತೆಗೆದು ಒಂದು ಚಿಕ್ಕ ಕಿಟ್ ಮೇಲೆ ಹನಿ ಬಿಟ್ಟರು. ಕೊರೋನಾ ಟೈಮಲ್ಲಿ ನಮ್ಮ ಮೂಗಿಗೆ ಮಾಡಿದ್ದರಲ್ಲ, ಅಂಥದ್ದೇ. ಹತ್ತು ನಿಮಿಷಕ್ಕೆ ಎರಡು ಗೆರೆ ಮೂಡಿತು. ಪಾರ್ವೋ. ಚರ್ಮದ ಕೆಳಗೆ ಸಲಾಯಿನ್ ಬಿಟ್ಟರು, ಬೆನ್ನ ಮೇಲೆ ಒಂದು ಗಡ್ಡೆ ಎದ್ದಹಾಗೆ ಕಾಣುತ್ತಿತ್ತು. ವಾಂತಿಗೆ ಒಂದು, ಆಂಟಿಬಯಾಟಿಕ್ ಒಂದು ಸೂಜಿ ಹಾಕಿದರು.

ಡಾಕ್ಟರು ಒಳ್ಳೆಯವರು, ಇದ್ದದ್ದನ್ನು ಇದ್ದಹಾಗೆ ಹೇಳಿದರು. "ರಾತ್ರಿ ಇಟ್ಟುಕೊಳ್ಳುವ ವ್ಯವಸ್ಥೆ ನನ್ನಲ್ಲಿ ಇಲ್ರಿ. ಬೆಳಗಾವಿ ಅಥವಾ ಹುಬ್ಬಳ್ಳಿಗೆ ಒಯ್ದು ಅಡ್ಮಿಟ್ ಮಾಡಿ. ಆಗದಿದ್ದರೆ ದಿನಾ ಎರಡು ಹೊತ್ತು ಇಲ್ಲಿಗೇ ತನ್ನಿ, ಮಾಡೋಣ." ಬೆಳಗಾವಿಯ ಒಂದು ಕಡೆ ಫೋನ್ ಮಾಡಿ ಕೇಳಿದೆ. ಐದು ದಿನಕ್ಕೆ 15ರಿಂದ 20 ಸಾವಿರ ಹಿಡಿಯಿರಿ ಅಂದರು. ಇಲ್ಲಿಂದ ಮೂರು ತಾಸಿನ ದಾರಿ. ಸೀರೆ ವ್ಯಾಪಾರ ಈಗ ಹೇಗಿದೆ ಅಂತ ಈ ಕಡೆಯವರಿಗೆ ಗೊತ್ತು.

ಅವ್ವ ಅನ್ನುವುದು ಒಂದೇ: "ಅದರ ಋಣ ಇದ್ದಷ್ಟು ಇರತೈತಿ, ಬಿಡೋ." ಮಗಳು ಊಟ ಬಿಟ್ಟು ಅದರ ಪಕ್ಕ ಕೂತಿದ್ದಾಳೆ. ನನಗೆ ಕೇಳಬೇಕಿರುವುದು ಇಷ್ಟೇ. ರಾತ್ರಿಯೇ ಗಾಡಿ ಮಾಡಿಕೊಂಡು ಹೊರಡಲೋ, ಇಲ್ಲೇ ಇದ್ದು ಓಡಾಡಲೋ? ಮನೆಯಲ್ಲೇ ಇಟ್ಟುಕೊಂಡು ಉಳಿಸಿದವರು ಯಾರಾದರೂ ಇದ್ದೀರಾ?

ಮತ್ತೆ ಅವ್ವನದು ಇನ್ನೊಂದು ಚಿಂತೆ. ಇದು ಮನುಷ್ಯರಿಗೆ ಅಂಟುತ್ತದಾ?


ಟೀಚರಕ್ಕ ವಿಜಯಪುರ
ಸೋಮವಾರ, ರಾತ್ರಿ 10:20

ಅಣ್ಣಾರೆ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಅಂಟುವುದಿಲ್ಲ. ನಾಯಿಯ ಪಾರ್ವೋ ಬೇರೆ, ಮನುಷ್ಯರದು ಬೇರೆ. ಅಮ್ಮನಿಗೆ ಧೈರ್ಯ ಹೇಳಿ. ಕೈ ಮಾತ್ರ ಸೋಪು ಹಾಕಿ ತೊಳೆಯಿರಿ, ಕುನ್ನಿಗಳಿಗೆ ಜಂತು ಇರುತ್ತವಲ್ಲ.

ಎರಡು ವರ್ಷದ ಹಿಂದೆ ನಮ್ಮ ಲ್ಯಾಬ್ರಡಾರ್ ಮರಿಗೆ ಇದೇ ಆಯಿತು. ನಾನು ರಾತ್ರಿಯೇ ಕಾರು ಮಾಡಿಸಿಕೊಂಡು ದೊಡ್ಡ ಊರಿಗೆ ಹೊರಟೆ. ದೊಡ್ಡ ಆಸ್ಪತ್ರೆ ಮುಟ್ಟಿದರೆ ಸಾಕು ಎಂಬ ಭಾವನೆ. ಆಗ ಮಾಡಿದ ತಪ್ಪು ಏನೆಂದರೆ, ಹೊರಡುವ ಮೊದಲು ಒಂದು ಹನಿ ಸಲಾಯಿನ್ ಹಾಕಿಸಲಿಲ್ಲ. ನಾಲ್ಕು ತಾಸು ದಾರಿಯಲ್ಲಿ ಮೂರು ಸಲ ರಕ್ತಭೇದಿ. ಎಸಿ ಬೇರೆ ಹಾಕಿದ್ದರು. ಮುಟ್ಟುವಷ್ಟರಲ್ಲಿ ಮರಿಯ ಕಿವಿ, ಪಾದ ಎಲ್ಲ ತಣ್ಣಗೆ, ಒಸಡು ಸುಣ್ಣದ ಹಾಗೆ ಬಿಳಿ. ರಕ್ತದ ಸಕ್ಕರೆ ಅಂಶ ಪೂರ್ತಿ ಬಿದ್ದಿದೆ ಅಂದರು. ಮರುದಿನ ಹೋಯಿತು.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ಹೋಗುವುದಾದರೆ ಕಾಲಿಗೆ ಸೂಜಿ ಹಾಕಿಸಿ, ಸಲಾಯಿನ್ ಹಚ್ಚಿಕೊಂಡೇ ಹೋಗಿ. ದಾರಿ ಉದ್ದ ಇದ್ದಷ್ಟೂ ಅದರ ಮೈಯಲ್ಲಿನ ನೀರು ಖಾಲಿ ಆಗುತ್ತಾ ಇರುತ್ತದೆ. ಈಗ ತಕ್ಷಣ ಮಾಡುವಂಥದ್ದು: ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ತೀರಾ ಮಂಕಾದರೆ ಜೇನುತುಪ್ಪ ಇಲ್ಲವೇ ಸಕ್ಕರೆ ಪಾಕ ಬೆರಳಿಗೆ ಹಚ್ಚಿಕೊಂಡು ಒಸಡಿಗೆ ಸವರಿ. ಬಾಯಿಗೆ ಹೊಯ್ಯಬೇಡಿ, ಬರೀ ಸವರಿ.


ನಿವೃತ್ತ ಪರಿವೀಕ್ಷಕ, ನವನಗರ
ಸೋಮವಾರ, ರಾತ್ರಿ 10:55

ತಮ್ಮಾ, ನಾನು ಡಾಕ್ಟರ್ ಅಲ್ಲ. ಪಶು ಇಲಾಖೆಯಲ್ಲಿ ಮೂವತ್ತು ವರ್ಷ ಡಾಕ್ಟರುಗಳ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನು. ದನ, ಎಮ್ಮೆಯೇ ಜಾಸ್ತಿ. ಆದರೂ ಪಾರ್ವೋ ಕುನ್ನಿಗಳನ್ನು ಎಷ್ಟು ನೋಡಿದೆನೋ ಲೆಕ್ಕ ಇಟ್ಟಿಲ್ಲ.

ಒಂದು ವಿಷಯ ತಲೆಯಲ್ಲಿಟ್ಟುಕೋ. ಇಲ್ಲಿ ನಾವು ಹಾಕುವ ಯಾವ ಸೂಜಿಯೂ ಈ ವೈರಸ್ಸನ್ನು ಕೊಲ್ಲುವುದಿಲ್ಲ. ಬೆಳಗಾವಿಯಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಅದನ್ನು ಸೋಲಿಸುವುದು ಕುನ್ನಿಯ ಮೈಯೇ, ಅದಕ್ಕೆ ಐದಾರು ದಿನ ಬೇಕು. ಆ ಐದಾರು ದಿನ ಕುನ್ನಿಯನ್ನು ಜೀವಂತ ಇಡುವುದಷ್ಟೇ ಡಾಕ್ಟರ ಕೆಲಸ, ನಿನ್ನ ಕೆಲಸ. ವೈರಸ್ಸು ಕರುಳಿನ ಒಳಪದರ ಕಿತ್ತುಹಾಕುತ್ತದೆ, ಮೂಳೆಯ ಮಜ್ಜೆಗೂ ಹೋಗುತ್ತದೆ. ಕರುಳು ಹರಿದ ಮೇಲೆ ನೀರು ನಿಲ್ಲುವುದಿಲ್ಲ, ಹೊಲಸಿನ ಕ್ರಿಮಿ ರಕ್ತಕ್ಕೆ ಸೇರುತ್ತವೆ. ಮಜ್ಜೆ ಕೆಟ್ಟರೆ ಬಿಳಿ ರಕ್ತಕಣ ಬೀಳುತ್ತವೆ, ಕ್ರಿಮಿಗಳ ಜೊತೆ ಹೋರಾಡಲು ಆಳಿಲ್ಲ. ಅದಕ್ಕೇ ಸಲಾಯಿನ್, ಅದಕ್ಕೇ ಆಂಟಿಬಯಾಟಿಕ್. ಏನೂ ಮಾಡದೆ ಬಿಟ್ಟರೆ ಹತ್ತರಲ್ಲಿ ಒಂಬತ್ತು ಹೋಗುತ್ತವೆ. ಸಲಾಯಿನ್ ಸರಿಯಾಗಿ ಸಿಕ್ಕರೆ ಏಳೆಂಟು ಉಳಿಯುತ್ತವೆ. "ಋಣ ಇದ್ದಷ್ಟು" ಅನ್ನುವುದು ಸಲಾಯಿನ್ ಹಾಕಿಸಿದ ಮೇಲಿನ ಮಾತು ಅಂತ ಅವ್ವನಿಗೆ ಹೇಳು.

ಹಂಗಾದರೆ ಎಲ್ಲಿ ಹಾಕಿಸುವುದು? ದುಡ್ಡಿದ್ದರೆ, ಹೋಗಲು ಗಾಡಿ ಇದ್ದರೆ, ಅಡ್ಮಿಟ್ ಮಾಡುವುದೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆಗದಿದ್ದರೆ ಕೈಚೆಲ್ಲಬೇಡ. ನಾಳೆ ಬೆಳಗ್ಗೆ ಹೋಗುವ ಮೊದಲು ಮನುಷ್ಯರ ಮೆಡಿಕಲ್ ಅಂಗಡಿಗೆ ಹೋಗು. 24 ನಂಬರ್ ಕ್ಯಾನುಲಾ, ಅಂದರೆ ನರದಲ್ಲೇ ಇಟ್ಟು ಕಟ್ಟುವ ಸೂಜಿ-ನಳಿಕೆ, ಎರಡು ತಗೋ. ಹಳದಿ ಬಣ್ಣದ್ದು, ಸಣ್ಣ ಮಕ್ಕಳಿಗೆ ಹಾಕುವುದು. ಜೊತೆಗೆ ಮಕ್ಕಳ ಡ್ರಿಪ್ ಸೆಟ್, ಮೈಕ್ರೋ ಡ್ರಿಪ್ ಅನ್ನು. ನಮ್ಮ ಕಡೆ ದವಾಖಾನೆಗಳಲ್ಲಿ ದನದ ಸೂಜಿ ಸಿಗುತ್ತದೆ, ಕುನ್ನಿಯದು ಮುಗಿದಿರುತ್ತದೆ. ಡಾಕ್ಟರಿಗೆ ಕೇಳು: "ಸರ್, ಕ್ಯಾನುಲಾ ಹಾಗೇ ಇಟ್ಟು ಕಟ್ಟಿ ಕೊಡ್ತೀರಾ? ರಾತ್ರಿ ಮನೆಯಲ್ಲಿ ನಿಧಾನಕ್ಕೆ ಹಾಕ್ತೇನೆ." ಬಹಳ ಜನ ಡಾಕ್ಟರು ಒಪ್ಪುತ್ತಾರೆ. ಕೇಳಿದವರಿಗೆ ಮಾತ್ರ.

ಲೆಕ್ಕ ಅವರೇ ಹಾಕಬೇಕು, ನೀನಲ್ಲ, ನಾನೂ ಅಲ್ಲ. ಗೊತ್ತಿರಲಿ ಅಂತ ಹೇಳುತ್ತೇನೆ. ಮೈತೂಕದ ನೂರಕ್ಕೆ ಎಂಟರಷ್ಟು ನೀರು ಕಮ್ಮಿಯಾಗಿದೆ ಅಂದುಕೊಂಡರೆ 2 ಕೆಜಿಯ ಕುನ್ನಿಗೆ ಅದೇ 160 ಮಿಲಿ ಆಯಿತು. ಮೈಯ ದಿನದ ಖರ್ಚು ಇನ್ನೊಂದು 120 ಮಿಲಿ. ವಾಂತಿ-ಭೇದಿಯಲ್ಲಿ ಹೋಗುವುದು ಬೇರೆ. ಅಂದರೆ ದಿನಕ್ಕೆ 300ರ ಮೇಲೆ. ಮೈಕ್ರೋ ಸೆಟ್ಟಿನಲ್ಲಿ 60 ಹನಿಗೆ 1 ಮಿಲಿ. ಹಾಗಾಗಿ ನಿಮಿಷಕ್ಕೆ ಎಷ್ಟು ಹನಿ ಬೀಳುತ್ತದೋ, ತಾಸಿಗೆ ಅಷ್ಟೇ ಮಿಲಿ. ಲೆಕ್ಕ ಸುಲಭ. ಎಮ್ಮೆಗೆ ಬಿಟ್ಟ ಹಾಗೆ ಧಾರೆ ಬಿಟ್ಟರೆ ಪುಪ್ಪುಸಕ್ಕೆ ನೀರು ತುಂಬಿ ಸಾಯುತ್ತದೆ. ಉಸಿರು ಜೋರಾದರೆ, ಕಾಲು ಊದಿದರೆ ತಕ್ಷಣ ನಳಿಕೆ ಮೇಲಿನ, ಹನಿ ತಡೆಯುವ ಚಕ್ರ ಬಂದ್ ಮಾಡು. ಪೊಟ್ಯಾಶಿಯಮ್ ಏನಾದರೂ ಕೂಡಿಸಬೇಕಿದ್ದರೆ ಡಾಕ್ಟರೇ ಕೂಡಿಸಿ ಕೊಡಬೇಕು. ನೀನು ಆ ಬಾಟಲಿಗೆ ಏನೂ ಹಾಕಕೂಡದು.


ಗೋಕಾಕ ಫಾಲ್ಸ್
ಸೋಮವಾರ, ರಾತ್ರಿ 11:10

ಇಷ್ಟೆಲ್ಲ ಯಾಕೆ? ಪಪ್ಪಾಯಿ ಎಲೆ ರಸ, ಅರಿಶಿಣ, ಮಜ್ಜಿಗೆ ಕೂಡಿಸಿ ತಾಸಿಗೊಮ್ಮೆ ಕುಡಿಸಿ. ನಮ್ಮ ತೋಟದ ನಾಯಿ ಅದರಲ್ಲೇ ನೆಟ್ಟಗಾಯಿತು. ಭೇದಿ ನಿಲ್ಲದಿದ್ದರೆ ನಾವು ತಗೊಳ್ತೀವಲ್ಲ, ಆ ಲೂಸ್ ಮೋಷನ್ ಗುಳಿಗೆ ಅರ್ಧ ಕೊಡಿ.


ನಿವೃತ್ತ ಪರಿವೀಕ್ಷಕ, ನವನಗರ
ಸೋಮವಾರ, ರಾತ್ರಿ 11:25

ಗೋಕಾಕದವರೆ, ನಿಮ್ಮ ನಾಯಿಗೆ ಪಾರ್ವೋ ಇತ್ತು ಅಂತ ಕಿಟ್ ಹೇಳಿತ್ತಾ? ಸಾದಾ ಭೇದಿ ಆಗಿದ್ದರೆ ಮಜ್ಜಿಗೆಗೂ ನಿಲ್ಲುತ್ತದೆ, ಏನೂ ಕೊಡದಿದ್ದರೂ ನಿಲ್ಲುತ್ತದೆ.

ವಾಂತಿ ಮಾಡುವ ಕುನ್ನಿಗೆ ರಸ ಹೊಯ್ದರೆ ಅರ್ಧ ಹೊರಗೆ, ಅರ್ಧ ಪುಪ್ಪುಸಕ್ಕೆ. ಭೇದಿ ಕಟ್ಟುವ ಗುಳಿಗೆ ಬೇಡವೇ ಬೇಡ. ಹೊಲಸು ಹೊರಗೆ ಹೋಗುವುದು ನಿಲ್ಲುತ್ತದೆ, ಒಳಗೆ ಕೊಳೆಯುತ್ತದೆ. ಜ್ವರಕ್ಕೆ ಅಂತ ನಮ್ಮ ನೋವಿನ ಗುಳಿಗೆ ಕೊಡುವವರೂ ಇದ್ದಾರೆ. ನಾಯಿಯ ಕಿಡ್ನಿಗೆ ಅದು ವಿಷ. ತಮ್ಮಾ, ಇವತ್ತು ರಾತ್ರಿ ಬಾಯಿಗೆ ಏನೂ ಹಾಕಬೇಡ. ಒಸಡಿಗೆ ಸಕ್ಕರೆ ಸವರು, ಬೆಚ್ಚಗಿಡು, ಸಾಕು.


ಅಥಣಿ ಹುಡುಗ, ಬೀದರ್
ಮಂಗಳವಾರ, ನಸುಕು 12:40

ನಾನು ಬೀದರ್‌ನಲ್ಲಿ ವೆಟರ್ನರಿ ಓದುತ್ತಿದ್ದೇನೆ, ಊರು ಅಥಣಿ. ಪರಿವೀಕ್ಷಕ ಕಾಕಾ ಹೇಳಿದ್ದು ಸರಿ ಇದೆ. "ಮನೆಯಲ್ಲಿಟ್ಟು ಮಾಡಿದರೆ ಉಳಿಯುತ್ತದಾ" ಅಂತ ಕೇಳಿದಿರಲ್ಲ, ಅದನ್ನು ಅಮೆರಿಕದ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯವರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2017ರಲ್ಲಿ ಪ್ರಕಟವಾಯಿತು. ಪಾರ್ವೋ ಆದ 40 ನಾಯಿ. 20ಕ್ಕೆ ಪೂರ್ತಿ ಆಸ್ಪತ್ರೆಯ ಚಿಕಿತ್ಸೆ, ರಕ್ತನಾಳಕ್ಕೆ ಸಲಾಯಿನ್. ಉಳಿದ 20ಕ್ಕೆ ಮನೆಯಲ್ಲಿ ಮಾಡಬಹುದಾದಷ್ಟೇ ಚಿಕಿತ್ಸೆ: ದಿನಕ್ಕೆ ಕೆಲವು ಸಲ ಚರ್ಮದ ಕೆಳಗೆ ಸಲಾಯಿನ್, ವಾಂತಿಯ ಸೂಜಿ, ಒಂದು ಸಲ ಹಾಕಿದರೆ ಬಹಳ ದಿನ ಕೆಲಸ ಮಾಡುವ ಆಂಟಿಬಯಾಟಿಕ್. ಆಸ್ಪತ್ರೆಯ ಗುಂಪಿನಲ್ಲಿ 90 ಪರ್ಸೆಂಟ್ ಉಳಿದವು, ಇನ್ನೊಂದರಲ್ಲಿ 80. ವ್ಯತ್ಯಾಸ ಇದೆ, ಆದರೆ ನೀವು ಅಂದುಕೊಂಡಷ್ಟು ಇಲ್ಲ ಅಲ್ವಾ?

ಒಂದು ಷರತ್ತು ಮಾತ್ರ ಮರೀಬೇಡಿ. ಆ ಎರಡನೇ ಗುಂಪಿಗೂ ಮೊದಲು ರಕ್ತನಾಳಕ್ಕೇ ಸಲಾಯಿನ್ ಕೊಟ್ಟು, ಮೈ ಬೆಚ್ಚಗಾಗಿ, ನಾಡಿ ಸರಿಯಾದ ಮೇಲೆಯೇ ಚರ್ಮದ ಕೆಳಗಿನದಕ್ಕೆ ಹೋದರು. ಮೈ ತಣ್ಣಗಾದ ಕುನ್ನಿಗೆ ಚರ್ಮದ ಕೆಳಗೆ ಬಿಟ್ಟರೆ ಆ ನೀರು ಅಲ್ಲೇ ನಿಲ್ಲುತ್ತದೆ, ರಕ್ತಕ್ಕೆ ಏರುವುದಿಲ್ಲ. ಈಗಲೇ ಎದ್ದು ಅದರ ಬೆನ್ನು ಮುಟ್ಟಿ ನೋಡಿ. ಮಧ್ಯಾಹ್ನ ಬಿಟ್ಟ ಸಲಾಯಿನ್ ಗಡ್ಡೆ ಕರಗಿದೆಯಾ, ಇಲ್ಲವಾ?

2023ರಲ್ಲಿ ಅಮೆರಿಕದಲ್ಲಿ ಪಾರ್ವೋಗೆ ಒಂದು ಆಂಟಿಬಾಡಿ ಸೂಜಿಗೆ ಷರತ್ತಿನ ಅನುಮತಿ ಸಿಕ್ಕಿದೆ. ಯಾರಾದರೂ ಹೇಳಿದರೆ ಅದನ್ನು ಇಲ್ಲಿ ಹುಡುಕುತ್ತಾ ಸುಮ್ನೆ ರಾತ್ರಿ ಕಳೆಯಬೇಡಿ.


ಬನಹಟ್ಟಿ ಮಗ್ಗ
ಮಂಗಳವಾರ, ನಸುಕು 1:05

ಮುಟ್ಟಿ ನೋಡಿದೆ. ಗಡ್ಡೆ ಕರಗಿದೆ, ಹೊಟ್ಟೆ ಕಡೆ ಸ್ವಲ್ಪ ಜೋತಿದೆ. ಕಿವಿ ಬೆಚ್ಚಗಿದೆ. ಬಿಸಿನೀರಿನ ಬಾಟಲಿ ಇಟ್ಟಿದ್ದೇವೆ. ಬೆಳಗಾವಿ ಬೇಡ ಅಂತ ತೀರ್ಮಾನ ಮಾಡಿದೆ. ಏಳು ಗಂಟೆಗೆ ಜಮಖಂಡಿ.


ಬನಹಟ್ಟಿ ಮಗ್ಗ
ಬುಧವಾರ, ಬೆಳಗ್ಗೆ 6:30

ನಿನ್ನೆ ಬರೆಯಲು ಕೈ ಖಾಲಿ ಇರಲಿಲ್ಲ.

ಕಾಕಾ, ನೀವು ಹೇಳಿದ ಹಳದಿ ಕ್ಯಾನುಲಾ ಮೂರನೇ ಅಂಗಡಿಯಲ್ಲಿ ಸಿಕ್ಕಿತು. "ಮಗು ಎಷ್ಟು ದೊಡ್ಡದು?" ಅಂತ ಅಂಗಡಿಯವನು ಕೇಳಿದ. ಎರಡು ಕಿಲೋ ಅಂದೆ. ಗಾಬರಿಯಾಗಿ ನನ್ನ ಮುಖ ನೋಡಿದ!

ಡಾಕ್ಟರು ಮುಂಗಾಲಿನ ಕೂದಲು ಬ್ಲೇಡಿನಿಂದ ತೆಗೆದು, ಎರಡು ಸಲ ತಪ್ಪಿ, ಮೂರನೇ ಸಲ ಸೂಜಿ ಕೂಡಿಸಿದರು. ನರ ಒಂದು ಎಳೆ ನೂಲಿನಷ್ಟು ಸಣ್ಣದು, ಅದೂ ನೀರಿಲ್ಲದೆ ಚಪ್ಪಟೆಯಾಗಿತ್ತು. ಮೊದಲು ಅಲ್ಲೇ ಸ್ವಲ್ಪ ಜೋರಾಗಿ ಸಲಾಯಿನ್ ಬಿಟ್ಟರು, ತಾಸೊತ್ತಿನಲ್ಲಿ ಕಣ್ಣು ಬಿಟ್ಟು ನೋಡಿತು. ಆಮೇಲೆ ಕ್ಯಾನುಲಾ ಹಾಗೇ ಇಟ್ಟು, ಪಟ್ಟಿ ಸುತ್ತಿ, ಕ್ಯಾಲೆಂಡರಿನ ರಟ್ಟು ಕತ್ತರಿಸಿ ಕಾಲಿಗೆ ಆಸರೆ ಕಟ್ಟಿ ಕೊಟ್ಟರು. ಹನಿ ಎಷ್ಟು ಅಂತ ಕೇಳಿದೆ. ನಾಲ್ಕು ಸೆಕೆಂಡಿಗೆ ಒಂದು ಅಂದರು. ಅಂದರೆ ನಿಮಿಷಕ್ಕೆ 15.

ಮನೆಯಲ್ಲಿ ಬಾಟಲಿ ಎಲ್ಲಿ ತೂಗುಹಾಕುವುದು? ಮಗ್ಗದ ಮೇಲಿನ ಜಕಾರ್ಡ್ ಚೌಕಟ್ಟಿಗೆ ಕಟ್ಟಿದೆ. ಆ ಮಗ್ಗ ಬಂದ್, ಉಳಿದ ಮೂರು ನಡೆಯುತ್ತಿವೆ. ಶಬ್ದಕ್ಕೆ ಕುನ್ನಿ ಹೆದರೀತು ಅಂದುಕೊಂಡೆ, ಅದು ಖಟಪಟ ಕೇಳಿದ ಮೇಲೆಯೇ ನಿದ್ದೆ ಹೋಯಿತು. ಹುಟ್ಟಿದ್ದು ಶಾಲೆ ಗೋಡೆ ಹಿಂದೆ ಆದರೂ ಈಗ ಮಗ್ಗದ ಮನೆಯದೇ ಆಗಿದೆ.

ಹನಿ ಎಣಿಸುವುದು ಮಗಳ ಪಾಳಿ ಹನ್ನೊಂದರವರೆಗೆ, ಆಮೇಲೆ ನನ್ನದು. ಎರಡು ಗಂಟೆಗೆ ನಿದ್ದೆ ಎಳೆಯಿತು. ಕಣ್ಣು ಬಿಟ್ಟರೆ ಅವ್ವ ಕೂತಿದ್ದಾಳೆ, ತನ್ನ ಹಳೆಯ ಇಲಕಲ್ ಸೀರೆಯ ತುಂಡು ಹೊದಿಸಿದ್ದಾಳೆ. ಅವಳಿಗೆ ಗಡಿಯಾರ ಬರುವುದಿಲ್ಲ. ಆದರೆ ನಲವತ್ತು ವರ್ಷ ಕಂಡಿಕೆ ಸುತ್ತಿದವಳು, ಎಣಿಕೆ ತಪ್ಪುವುದಿಲ್ಲ. "ನಾಕು ಎಣಿಸೂದ್ರಾಗ ಒಂದು ಬೀಳಲಿಲ್ಲ ನೋಡು" ಅಂತ ನನ್ನನ್ನು ಎಬ್ಬಿಸಿದಳು. ನೋಡಿದರೆ ಹನಿ ನಿಂತೇ ಹೋಗಿದೆ, ಪಾದ ಉಬ್ಬಿದ ಹೋಳಿಗೆಯ ಹಾಗೆ ಊದಿದೆ. ಸೂಜಿ ನರದಿಂದ ಜಾರಿತ್ತು. ಚಕ್ರ ಬಂದ್ ಮಾಡಿದೆ. ಆ ಹೊತ್ತಿನಲ್ಲಿ ಡಾಕ್ಟರಿಗೆ ಫೋನ್ ಮಾಡಲು ಸಂಕೋಚ, ಆದರೂ ಮಾಡಿದೆ. ಎತ್ತಿದರು! ಪಟ್ಟಿ ಬಿಚ್ಚಿ, ಬೆಚ್ಚಗಿಡು, ಬೆಳಗ್ಗೆ ಬಾ, ಇನ್ನೊಂದು ಕಾಲಿಗೆ ಹಾಕೋಣ ಅಂದರು.

ಈಗ ಹೊರಡುತ್ತಿದ್ದೇವೆ. ರಾತ್ರಿ ವಾಂತಿ ಒಂದೇ ಸಲ. ಭೇದಿ ಇನ್ನೂ ಕೆಂಪಗೇ ಇದೆ.


ಟೀಚರಕ್ಕ ವಿಜಯಪುರ
ಬುಧವಾರ, ಬೆಳಗ್ಗೆ 7:15

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಭೇದಿ ಕೊನೆಗೇ ನಿಲ್ಲುವುದು. ಮೊದಲು ವಾಂತಿ ನಿಂತರೆ ಅದೇ ದೊಡ್ಡದು.


ಲೋಕಾಪುರ ತೋಟ
ಬುಧವಾರ, ಸಂಜೆ 5:40

ಈಗ ನೋಡಿದೆ. ನಮ್ಮಲ್ಲಿ ಮುಧೋಳ ನಾಯಿ ಸಾಕುತ್ತೇವೆ, ಅಪ್ಪನ ಕಾಲದಿಂದ. ಚಿಕಿತ್ಸೆಯ ಬಗ್ಗೆ ಕಾಕಾ, ಅಥಣಿ ತಮ್ಮ ಇಬ್ಬರೂ ಹೇಳಿದ್ದಾರೆ. ನಾನು ಮನೆ ಸ್ವಚ್ಛ ಮಾಡುವ ಬಗ್ಗೆ ಹೇಳುತ್ತೇನೆ. ಅದನ್ನು ಯಾರೂ ಹೇಳುವುದಿಲ್ಲ, ಮರಿ ಸತ್ತ ಮೇಲೆ ಗೊತ್ತಾಗುತ್ತದೆ.

ನಮ್ಮಲ್ಲಿ ಒಂದು ಸೂಲಿನ ಏಳು ಮರಿಗಳಲ್ಲಿ ಐದು ಹೋದವು. ಅಂಗಳ ಫಿನೈಲ್ ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಘಮ ಘಮ ಅನ್ನುತ್ತಿತ್ತು. ಐದು ತಿಂಗಳು ಬಿಟ್ಟು ಹೊರಗಿನಿಂದ ಒಂದು ಗಂಡು ಮರಿ ತಂದೆ. ಎಂಟೇ ದಿನ. ಅದಕ್ಕೂ ಅದೇ. ಆಗ ಗೊತ್ತಾಯಿತು, ಫಿನೈಲಿಗೆ ಈ ವೈರಸ್ ಬಗ್ಗುವುದಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಜರಿಗೂ ಇಲ್ಲ. ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ವರ್ಷದವರೆಗೂ ಇರಬಹುದು.

ಬಗ್ಗುವುದು ಬ್ಲೀಚಿಗೆ. ಬಟ್ಟೆಗೆ ಹಾಕುವ ದ್ರವ ಬ್ಲೀಚ್ ಒಂದು ಪಾಲಿಗೆ ನೀರು ಮೂವತ್ತು ಪಾಲು. ಮೊದಲು ಹೊಲಸೆಲ್ಲ ತೆಗೆದು ಸೋಪಿನಿಂದ ತೊಳೆಯಿರಿ, ಹೊಲಸಿನ ಮೇಲೆ ಹಾಕಿದರೆ ಕೆಲಸ ಮಾಡುವುದಿಲ್ಲ. ಆಮೇಲೆ ಬ್ಲೀಚ್ ನೀರು ಹಾಕಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ಫಿನೈಲ್, ಆಸಿಡ್ ಯಾವುದನ್ನೂ ಅದರ ಜೊತೆ ಕೂಡಿಸಬೇಡಿ, ಹೊಗೆ ಎದ್ದು ನಿಮಗೇ ಉಸಿರು ಕಟ್ಟುತ್ತದೆ. ಮಣ್ಣಿನ ನೆಲ ಇದ್ದರೆ ಮೇಲಿನ ಪದರ ಕೆರೆದು ತೆಗೆಯಿರಿ, ಬಿಸಿಲು ಬೀಳುವ ಹಾಗೆ ಮಾಡಿ. ನಿಮ್ಮದು ಮಗ್ಗದ ಶೆಡ್ಡು. ಕುನ್ನಿ ವೇಸ್ಟ್ ನೂಲಿನ ಮೇಲೆ ಮಲಗುತ್ತಿತ್ತು ಅಂತ ನನ್ನ ಅಂದಾಜು. ಆ ನೂಲು ಸುಟ್ಟುಬಿಡಿ. ಚಪ್ಪಲಿ ಕೂಡ ತೊಳೆಯಿರಿ. ಕೆಲಸದವರು ಅದೇ ಚಪ್ಪಲಿಯಲ್ಲಿ ಮನೆಗೆ ಹೋಗುತ್ತಾರೆ, ಅವರ ಮನೆಯಲ್ಲೂ ಕುನ್ನಿ ಇರಬಹುದು.

ಲಸಿಕೆ ಒಂದು ಸಲ ಹಾಕಿಸಿ ಮುಗಿಯಿತು ಅಂದುಕೊಳ್ಳುವವರು ಬಹಳ. ನಾನೂ ಅಂದುಕೊಂಡಿದ್ದೆ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಅದು ಲಸಿಕೆಯನ್ನೂ ಹೊಡೆದುಹಾಕುತ್ತದೆ. ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರ್ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೂ ಹಾಕಿಸುವುದು. ಮುಧೋಳ ನಾಯಿಯ ಚಿತ್ರದ ಅಂಚೆ ಚೀಟಿ 2005ರಲ್ಲೇ ಬಂತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಇದೆ. ಅಷ್ಟು ಹೆಸರಿನ ನಾಯಿಗೂ ಓಣಿ ನಾಯಿಗೂ ಈ ವೈರಸ್ ಭೇದ ಮಾಡುವುದಿಲ್ಲ.


ಅಥಣಿ ಹುಡುಗ, ಬೀದರ್
ಬುಧವಾರ, ರಾತ್ರಿ 9:15

ಒಂದು ಮಾತು ಸೇರಿಸುತ್ತೇನೆ. ವಾಂತಿ ಕಮ್ಮಿಯಾದ ಕೂಡಲೇ ಸ್ವಲ್ಪ ಸ್ವಲ್ಪ ಆಹಾರ ಶುರು ಮಾಡಿ, ಡಾಕ್ಟರಿಗೆ ಕೇಳಿ. ಪೂರ್ತಿ ನಿಲ್ಲುವವರೆಗೆ ಉಪವಾಸ ಇಡುವುದು ಹಳೆಯ ಪದ್ಧತಿ. ಹೊಟ್ಟೆಗೆ ಬಿದ್ದರೇ ಕರುಳು ಬೇಗ ಕೂಡುವುದು. ಬೇಯಿಸಿದ ಕೋಳಿ, ಮೆತ್ತಗಿನ ಅನ್ನ. ಉಪ್ಪು, ಖಾರ, ಉಳ್ಳಾಗಡ್ಡಿ ಬೇಡ. ಹಾಲು ಈಗ ಬೇಡ.


ಬನಹಟ್ಟಿ ಮಗ್ಗ
ಶುಕ್ರವಾರ, ರಾತ್ರಿ 8:10

ಉಳಿಯುವ ಹಾಗೆ ಕಾಣುತ್ತಿದೆ. ಬಾಯಿ ಬಿಟ್ಟು ಜೋರಾಗಿ ಹೇಳಲು ಇನ್ನೂ ಹೆದರಿಕೆ.

ಗುರುವಾರ ಬೆಳಗ್ಗೆ ವಾಂತಿ ಇಲ್ಲ. ಡಾಕ್ಟರು ಕೋಳಿ ಕೊಡಿ ಅಂದರು. ನಮ್ಮ ಮನೆಯಲ್ಲಿ ಮಾಂಸ ಒಲೆಗೆ ಏರುವುದಿಲ್ಲ. ಅವ್ವ ಇರುವವರೆಗೆ ಆ ಮಾತೇ ಇಲ್ಲ. ಪಕ್ಕದ ಮನೆಯ ಖಾಲಾ ಗೋಡೆ ಆಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. ತಾವೇ ಕುದಿಸಿ, ಎಳೆ ಎಳೆಯಾಗಿ ಬಿಡಿಸಿ, ಒಂದು ಸ್ಟೀಲ್ ಡಬ್ಬಿಯಲ್ಲಿ ಕೊಟ್ಟರು. "ಉಪ್ಪ ಹಾಕಿಲ್ರಿ" ಅಂತ ಮೂರು ಸಲ ಹೇಳಿದರು. ಆ ಡಬ್ಬಿ ನಮ್ಮ ಹೊಸ್ತಿಲು ದಾಟಲಿಲ್ಲ, ಶೆಡ್ಡಿನ ಬಾಗಿಲಿನಿಂದ ನೇರ ಲಾಳಿಯ ತಟ್ಟೆಗೆ. ಅವ್ವ ಆ ಕಡೆ ಮುಖ ತಿರುಗಿಸಿ ನಿಂತು, "ತಿಂತೇನ? ತಿಂತೇನ?" ಅಂತ ಕೇಳುತ್ತಿದ್ದಳು.

ಒಂದು ಎಳೆ ನೆಕ್ಕಿತು. ನಿಂತಿತು. ಇನ್ನೊಂದು ತಿಂದಿತು. ಮಗಳು ಬೆರಳು ಮಡಚಿ ನಿಮಿಷ ಎಣಿಸುತ್ತಿದ್ದಳು, ವಾಂತಿಯಾಗುತ್ತದೋ ಅಂತ. ಆಗಲಿಲ್ಲ.

ಇವತ್ತು ಸಲಾಯಿನ್ ತೆಗೆದರು. ಭೇದಿ ಕಂದು ಬಣ್ಣಕ್ಕೆ ಬಂದಿದೆ. ತೂಕ 1 ಕೆಜಿ 850. ಲೋಕಾಪುರದವರೆ, ನಿಮ್ಮ ಅಂದಾಜು ಸರಿ, ವೇಸ್ಟ್ ನೂಲಿನ ಮೇಲೇ ಮಲಗುತ್ತಿತ್ತು. ಎರಡು ಚೀಲ ನೂಲು ಸುಟ್ಟೆ, ಶೆಡ್ಡು ಬ್ಲೀಚ್ ಹಾಕಿ ತೊಳೆದೆ. ಮೂರು ದಿನ ಬಂದ್ ಇದ್ದ ಮಗ್ಗ ನಾಳೆ ಶುರು. ಖರ್ಚು ಕೇಳುವವರಿಗೆ: ಕಿಟ್ 700, ಡಾಕ್ಟರು ಮತ್ತು ಸೂಜಿಗಳು ಎಲ್ಲ ಸೇರಿ 3,400, ಮೆಡಿಕಲ್ ಅಂಗಡಿ 900ರ ಹತ್ತಿರ, ಪೆಟ್ರೋಲ್ ಬೇರೆ. ಪೆಟ್ರೋಲ್ ಬಿಟ್ಟರೆ ಐದು ಸಾವಿರದ ಆಸುಪಾಸಿನಲ್ಲಿ ಮುಗಿಯಿತು.

ಶಾಲೆ ಗೋಡೆ ಹಿಂದೆ ಇದರ ಒಡಹುಟ್ಟಿದವು ಇದ್ದವಲ್ಲ, ನೋಡಲು ಹೋಗಿದ್ದೆ. ಮೂರರಲ್ಲಿ ಒಂದೇ ಇದೆ. ಚೆನ್ನಾಗಿ ಓಡಾಡುತ್ತಿದೆ. ಅದಕ್ಕೆ ಈಗ ಲಸಿಕೆ ಹಾಕಿಸಬಹುದಾ? ಲಾಳಿಗೆ ಇನ್ನು ಲಸಿಕೆ ಬೇಕಾ, ಬೇಡವಾ?


ನಿವೃತ್ತ ಪರಿವೀಕ್ಷಕ, ನವನಗರ
ಶುಕ್ರವಾರ, ರಾತ್ರಿ 8:45

ಗೋಡೆ ಹಿಂದಿನದಕ್ಕೆ ನಾಳೆಯೇ ಹಾಕಿಸು, ಆರೋಗ್ಯವಾಗಿದ್ದರೆ. ಒಳಗಾಗಲೇ ಸೋಂಕು ಹೊಕ್ಕಿದ್ದರೆ ಲಸಿಕೆ ತಡೆಯುವುದಿಲ್ಲ, ಆದರೆ ಬಿಟ್ಟರೆ ಅದಕ್ಕೆ ಅವಕಾಶವೇ ಇಲ್ಲ. ನಿನ್ನ ಬಟ್ಟೆ, ಚಪ್ಪಲಿ ಬದಲಿಸಿ ಹೋಗು. ಮನೆಗೆ ಮಾತ್ರ ತರಬೇಡ. ಲಾಳಿ ಇನ್ನೂ ಎರಡು-ಮೂರು ವಾರ ಹೊಲಸಿನಲ್ಲಿ ವೈರಸ್ ಬಿಡುತ್ತಿರುತ್ತದೆ. ಓಣಿಗೂ ಬಿಡಬೇಡ.

ಲಾಳಿಗೆ ಪಾರ್ವೋ ಮತ್ತೆ ಬರುವುದು ಬಹಳ ಅಪರೂಪ. ಆದರೆ ಡಿಸ್ಟೆಂಪರ್ ಅಂತ ನಾಯಿಗಳ ಇನ್ನೊಂದು ವೈರಸ್ ರೋಗ ಇದೆಯಲ್ಲ, ಅದು ಇದಕ್ಕಿಂತ ಕೆಟ್ಟದು. ಚೇತರಿಸಿಕೊಂಡ ಮೇಲೆ ಡಾಕ್ಟರು ಹೇಳಿದ ದಿನ ಸೆವೆನ್ ಇನ್ ಒನ್, ಅಂದರೆ ಹಲವು ರೋಗಗಳಿಗೆ ಒಂದೇ ಲಸಿಕೆ, ಹಾಕಿಸು. ಮೂರು ತಿಂಗಳು ತುಂಬಿದ ಮೇಲೆ ಹುಚ್ಚುನಾಯಿ ರೋಗದ್ದು.


ಬನಹಟ್ಟಿ ಮಗ್ಗ
ಶುಕ್ರವಾರ, ರಾತ್ರಿ 9:00

ಡಾಕ್ಟರು ಕೊಟ್ಟ ತಾರೀಖು ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ ಕಾಕಾ. ಅವತ್ತು ಬೀಮ್ ಬಂದರೂ ಮಗ್ಗ ಬಂದ್.